ಚಳಿಗೆ ಬಂದ ಅಪವಾದ

ಬೆಳಗಿನ ಐದೂವರೆಗೆ ನಮ್ಮ ಕಡೆ ಯಾರ ಮನೆಯ ಗಾಡಿ ಹತ್ತಲಿಲ್ಲ ಎನ್ನುವುದು ಇಡೀ ಊರಿಗೆ ಗೊತ್ತಾಗಿಬಿಡುತ್ತದೆ. ಬಾಳ್ಳುಪೇಟೆಯಿಂದ ಒಳಗೆ ಸರಿದರೆ ಊರೆಂದರೆ ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ, ನಡುವೆ ಗದ್ದೆ ಬಯಲು. ಆ ಹೊತ್ತಿಗೆ ಬೇರೆ ಸದ್ದೇ ಇರುವುದಿಲ್ಲ. ಸೆಲ್ಫ್ ಮೋಟಾರಿನ ‘ಕುಯ್ಯ್ ಕುಯ್ಯ್’ ಗದ್ದೆ ದಾಟಿ ಆಚೆ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತದೆ. ಮೂರನೇ ಸಲ ಕೀ ತಿರುಗಿಸುವಷ್ಟರಲ್ಲಿ ಎದುರು ಮನೆಯ ಅಡುಗೆಮನೆ ದೀಪ ಹತ್ತುತ್ತದೆ. ಐದನೇ ಸಲಕ್ಕೆ ಫೋನು. ‘ಏನಣ್ಣ, ಇವತ್ತೂ ಹತ್ತಲಿಲ್ವಾ?’

ಮೂರು ಡಿಸೆಂಬರ್ ನನಗೆ ಈ ಫೋನು ಬಂದಿದೆ. ಕಾಫಿ ಕೊಯ್ಲು ಶುರುವಾದರೆ ಪಿಕಪ್ ಕೈಕೊಡುತ್ತಿತ್ತು. ಮಾರ್ಚಿಗೆ ಕೊಯ್ಲು ಮುಗಿದರೆ ತಾನಾಗಿ ಸರಿಹೋಗುತ್ತಿತ್ತು. ಅಂದಮೇಲೆ ಕಾರಣ ಹುಡುಕುವ ಅಗತ್ಯವೇ ಇಲ್ಲವಲ್ಲ, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಚಳಿಗೆ ಕಣಣ್ಣ.’ ನಾನೂ ಒಪ್ಪಿಕೊಂಡೆ. ಮೊದಲ ವರ್ಷ ಬ್ಯಾಟರಿ ಬದಲಾಯಿಸಿದೆ. ಎರಡನೇ ವರ್ಷ ನಾಲ್ಕೂ ಹೀಟರ್ ಪ್ಲಗ್ ಹೋದವು, ಅಂದರೆ ನಾನೇ ತೆಗೆಸಿ ಹೊಸದು ಹಾಕಿಸಿದೆ. ಹಳೆಯವು ಚೆನ್ನಾಗಿಯೇ ಇದ್ದವು ಎಂದು ಆಮೇಲೆ ತಿಳಿಯಿತು. ಮೂರನೇ ವರ್ಷ ನಾಜಲ್ ಬಿಚ್ಚಿ ಹಾಸನಕ್ಕೆ ಕಳಿಸುವ ಮಾತು ನಡೆದಿತ್ತು. ಕೆಲಸ ಮಾಡುವ ಸಾಮಾನನ್ನು ತೆಗೆದು ಹೊಸದು ಹಾಕುವುದರಲ್ಲಿ ನಮಗಿರುವಷ್ಟು ಉತ್ಸಾಹ, ಕೆಟ್ಟದ್ದು ಯಾವುದೆಂದು ಕೇಳುವುದರಲ್ಲಿ ಇಲ್ಲ.

ಚಳಿಯ ವಿಷಯವನ್ನು ಮೊದಲು ಇತ್ಯರ್ಥ ಮಾಡಿಬಿಡೋಣ. ಸಕಲೇಶಪುರ, ಆಲೂರಿನ ಗುಡ್ಡಗಳು ಸಮುದ್ರ ಮಟ್ಟದಿಂದ ಸುಮಾರು 900–1000 ಮೀಟರ್ ಎತ್ತರದಲ್ಲಿವೆ. ಡಿಸೆಂಬರ್ ಜನವರಿಯ ಬೆಳಗಿನಲ್ಲಿ ಕಂಬಳಿ ಹೊದ್ದು ಒಲೆ ಮುಂದೆ ಕೂರುವಷ್ಟು ಚಳಿ ಇದೆ ನಿಜ. ಆದರೆ ಅದು ನಮಗೆ ಚಳಿ, ಡೀಸೆಲ್ಲಿಗೆ ಅಲ್ಲ. ಡೀಸೆಲ್ಲಿನಲ್ಲಿ ಮೇಣದ ಅಂಶ ಇರುತ್ತದೆ. ತಂಪು ಹೆಚ್ಚಾದರೆ ಅದು ಹರಳುಗಟ್ಟಿ ಫಿಲ್ಟರಿಗೆ ಅಡ್ಡ ಕೂರುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಚಳಿಗಾಲದಲ್ಲಿ ಮಾರುವ ಡೀಸೆಲ್ 6 ಡಿಗ್ರಿಯವರೆಗೆ ಫಿಲ್ಟರ್ ಕಟ್ಟದೆ ಹರಿಯಬೇಕು. ನಮ್ಮ ಗುಡ್ಡಗಳಲ್ಲಿ ಅಷ್ಟು ಕೆಳಗಿಳಿದ ಬೆಳಗನ್ನು ನಾನಂತೂ ಕಂಡಿಲ್ಲ. ನಿಜವಾಗಿ ಡೀಸೆಲ್ ಗಟ್ಟಿಯಾಗುವುದು ಲಡಾಖಿನಲ್ಲಿ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ವಿಶೇಷ ಡೀಸೆಲ್ ತಂದಿತು. ಲೇಹ್‌ನ ಕಷ್ಟವನ್ನು ತಂದು ಆಲೂರಿಗೆ ಆರೋಪಿಸುವುದು ಯಾವ ನ್ಯಾಯ?

ಹಾಗೆಂದು ಚಳಿ ಪೂರಾ ನಿರಪರಾಧಿಯೂ ಅಲ್ಲ. ಅದು ಸಣ್ಣ ರೋಗವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಇಂಜಿನ್ ಆಯಿಲ್ ದಪ್ಪಗಾಗುತ್ತದೆ, ಮುದಿ ಬ್ಯಾಟರಿ ಇನ್ನಷ್ಟು ಸೋಮಾರಿಯಾಗುತ್ತದೆ, ಹಳೆಯ ರಬ್ಬರ್ ಪೈಪು ಬಿರುಸಾಗಿ ಕ್ಲಿಪ್ಪಿನ ಹಿಡಿತದಿಂದ ಒಂದು ಎಳೆಯಷ್ಟು ಸಡಿಲಾಗುತ್ತದೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತದೆ.

ಡೀಸೆಲ್ ಇಂಜಿನ್ ಹೇಗೆ ಹತ್ತುತ್ತದೆ ಎನ್ನುವುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಫೆಬ್ರುವರಿಯಲ್ಲಿ ಹೂಮಳೆ ತಡವಾದರೆ ಹಳ್ಳದ ಬದಿಗೆ ಡೀಸೆಲ್ ಪಂಪ್‌ಸೆಟ್ ಹೊತ್ತು ಸ್ಪ್ರಿಂಕ್ಲರ್ ಹೊಡೆದವರೆಲ್ಲ ಅದನ್ನು ಕೈಯಾರೆ ಬಲ್ಲರು. ಮೇಲಿನ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ಹಾಕಿ ಗರಗರ ತಿರುಗಿಸಬೇಕು. ವೇಗ ಬಂದಾಗ ಲಿವರ್ ಬಿಡಬೇಕು. ಅಲ್ಲಿಯವರೆಗೆ ಬಿಟ್ಟು ಹೋಗುತ್ತಿದ್ದ ಗಾಳಿ ಒಮ್ಮೆಲೇ ಸಿಲಿಂಡರಿನೊಳಗೆ ಸಿಕ್ಕಿಬಿದ್ದು ಹದಿನಾರು ಹದಿನೇಳು ಪಾಲಿನಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವ ಹಾಗೆ ಈ ಗಾಳಿಯೂ ಕಾಯುತ್ತದೆ, ಐನೂರು ಡಿಗ್ರಿಗೂ ಮೇಲೆ. ಆ ಕ್ಷಣಕ್ಕೆ ಸರಿಯಾಗಿ ನಾಜಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ‘ಡುಗ್’ ಎನ್ನುತ್ತದೆ. ಕಿಡಿ ಬೇಡ, ಸ್ಪಾರ್ಕ್ ಪ್ಲಗ್ ಬೇಡ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ.

ಅಂದರೆ ಬೇಕಾದ್ದು ಮೂರೇ: ಗಾಳಿ ಕಾಯುವಷ್ಟು ಜೋರಾಗಿ ಇಂಜಿನ್ ತಿರುಗಬೇಕು, ಕಾದ ಗಾಳಿ ಸೋರಬಾರದು, ಹೊತ್ತಿಗೆ ಸರಿಯಾಗಿ ಡೀಸೆಲ್ ಬೀಳಬೇಕು. ಹೀಟರ್ ಪ್ಲಗ್ ಎನ್ನುವುದು ಇವುಗಳಿಗೆ ಒಂದು ಊರುಗೋಲು. ಕೀ ಹಾಕಿದಾಗ ಮೀಟರಿನಲ್ಲಿ ಸುರುಳಿಯಂಥ ಹಳದಿ ದೀಪ ಕಾಣುತ್ತದಲ್ಲ, ಅದು ಆರುವವರೆಗೆ ಕಾಯಿರಿ ಎಂದು ಅರ್ಥ. ನಮ್ಮ ಡ್ರೈವರ್ ಹುಡುಗರಲ್ಲಿ ಕಾಯುವವರನ್ನು ನಾನು ಇನ್ನೂ ನೋಡಬೇಕು.

ಮೂರನೇ ಡಿಸೆಂಬರಿನಲ್ಲಿ ಬಂದ ಮೇಸ್ತ್ರಿ ಹೆದ್ದಾರಿ ಪಕ್ಕ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವವರು. ಪೆಟ್ರೋಲ್ ಜೀಪುಗಳ ಕಾಲದಿಂದಲೂ ಅದೇ ಶೆಡ್ಡು. ತಂದೆ ಇಂಗ್ಲಿಷ್ ದೊರೆಗಳು ಬಿಟ್ಟುಹೋದ ತೋಟದ ಜೀಪುಗಳನ್ನು ಬಿಚ್ಚಿ ಕಟ್ಟಿದವರು. ಎಲ್ಲರೂ ‘ಭಾಯ್’ ಎನ್ನುತ್ತೇವೆ. ಬೈಕ್ ಇಳಿದವರು ಸ್ಪ್ಯಾನರ್ ತೆಗೆಯಲಿಲ್ಲ. ಕಣದ ಕಟ್ಟೆ ಮೇಲೆ ಕೂತು ಕಾಫಿ ಕೇಳಿದರು.

‘ಸೆಲ್ಫ್ ಹೆಂಗ್ ಎಳೀತೈತೆ ಗೌಡ್ರೆ, ಜೋರಾಗೋ, ಸುಸ್ತಾಗೋ?’

‘ಜೋರಾಗೇ ಎಳೀತದೆ ಭಾಯ್.’

‘ಎಳೀವಾಗ ಸೈಲೆನ್ಸರಲ್ಲಿ ಹೊಗೆ?’

ಇದನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡುವುದು ಹೇಗೆ, ನಾನು ಸ್ಟೀರಿಂಗ್ ಹಿಡಿದು ಮುಂದೆ ಕೂತಿರುತ್ತೇನೆ, ಹೊಗೆ ಹಿಂದೆ ಬರುತ್ತದೆ. ಭಾಯ್ ಹುಡುಗನಿಗೆ ಕೀ ತಿರುಗಿಸಲು ಹೇಳಿ ಹಿಂದೆ ಹೋಗಿ ನಿಂತರು. ಹತ್ತು ಸೆಕೆಂಡು ಸೆಲ್ಫ್ ಹೊಡೆದರೂ ಸೈಲೆನ್ಸರ್ ಬಾಯಲ್ಲಿ ಒಂದು ಎಳೆ ಹೊಗೆ ಇಲ್ಲ. ಅಂಗೈ ಒಡ್ಡಿ ನೋಡಿದರು, ಬರೀ ಗಾಳಿ.

‘ನಿಮ್ ಹೀಟ್ರು, ಬ್ಯಾಟ್ರಿ ಎಲ್ಲಾ ಬಿಟ್ಟಾಕಿ. ಒಳಗೆ ಡೀಸೆಲ್ಲೇ ಹೋಗ್ತಿಲ್ಲ.’

ಇಷ್ಟು ಸರಳ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಬೀಳುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ಗನ್ನು ಅನುಮಾನಿಸಬಹುದು, ಕಂಪ್ರೆಷನ್ ಡೌನ್ ಆಗಿದೆಯೇ ನೋಡಬಹುದು, ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆಯೇ ಪರೀಕ್ಷಿಸಬಹುದು. ಹೊಗೆಯೇ ಇಲ್ಲದಿದ್ದರೆ ಹುಡುಕಬೇಕಾದ್ದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನು. ಇನ್ನು ಸೆಲ್ಫೇ ಸುಸ್ತಾಗಿದ್ದರೆ ಈ ಎರಡೂ ವಿಚಾರ ಬೇಡ, ಮೊದಲು ಬ್ಯಾಟರಿ. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಜಾರಿದರೆ ಅದಕ್ಕೆ ವಯಸ್ಸಾಗಿದೆ. ಆದರೆ ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮೊದಲು ಬಾಡಿ ಅರ್ತ್ ವೈರನ್ನು ಬಿಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ, ಮತ್ತೆ ಬಿಗಿ ಮಾಡಿ ನೋಡಿ. ನಮ್ಮ ಜೂನ್ ಜುಲೈ ಮಳೆಯಲ್ಲಿ ನೆನೆದ ಚಾಸಿಯಲ್ಲಿ ತುಕ್ಕು ಹಿಡಿಯದ ಬೋಲ್ಟೇ ಇಲ್ಲ. ನಾನು ಕೊಟ್ಟುಬಿಟ್ಟ ಆ ಮೊದಲ ಬ್ಯಾಟರಿ ಈಗಲೂ ಪಕ್ಕದ ತೋಟದವರ ಟ್ರ್ಯಾಕ್ಟರಿನಲ್ಲಿ ಆರಾಮಾಗಿದೆ. ಅವರು ಸಿಕ್ಕಾಗಲೆಲ್ಲ ಅದನ್ನು ಹೇಳಿಯೇ ಹೋಗುತ್ತಾರೆ.

ಭಾಯ್ ಬಾನೆಟ್ ಎತ್ತಿ ಡೀಸೆಲ್ ಫಿಲ್ಟರಿನ ಮೇಲಿನ ಹ್ಯಾಂಡ್ ಪ್ರೈಮರ್ ಒತ್ತಿದರು. ಮೆತ್ತಗೆ ಕುಸಿಯಿತು. ತುಂಬಿದ್ದರೆ ಅದು ಕಲ್ಲಿನ ಹಾಗೆ ಇರಬೇಕು. ಮೂವತ್ತು ನಲವತ್ತು ಸಲ ಒತ್ತಿದ ಮೇಲೆ ಬಿಗಿಯಾಯಿತು. ಕೀ ತಿರುಗಿಸಿದರೆ ಗಾಡಿ ಒಂದೇ ಏಟಿಗೆ ಹತ್ತಿತು.

‘ಏರ್ ತಗಂಡೈತೆ. ಈಗ ಎಲ್ಲಿಂದ ತಗಂತು ಅಂತ ನೋಡಣ.’

ನಾನು ಪೈಪಿನುದ್ದಕ್ಕೂ ಕೈಯಾಡಿಸಿ ‘ಎಲ್ಲೂ ಲೀಕ್ ಇಲ್ವಲ್ಲ ಭಾಯ್, ಒಣಗೇ ಐತೆ’ ಎಂದೆ. ಅವರು ನಕ್ಕರು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ನೂಕಿಕೊಂಡು ಬರುವುದಿಲ್ಲ, ಎಳೆದುಕೊಂಡು ಬರುತ್ತದೆ. ಎಳೆನೀರಿಗೆ ಹಾಕಿದ ಕೊಳವೆ ಸೀಳಿದ್ದರೆ ನೀರು ಹೊರಗೆ ಚೆಲ್ಲುತ್ತದೆಯೇ? ಇಲ್ಲ, ಬಾಯಿಗೆ ಗಾಳಿ ಬರುತ್ತದೆ. ಹಾಗೆಯೇ ಇಲ್ಲಿ ತೂತಿದ್ದರೆ ಹೊರಗೆ ಒಂದು ಹನಿಯೂ ಬೀಳದು, ಒಳಗೆ ಗಾಳಿ ಹೋಗುತ್ತದೆ. ಡೀಸೆಲ್ ಜಿನುಗಿದ ಕಲೆ ಹುಡುಕುವ ನಮ್ಮಂಥವರಿಗೆ ಈ ಕಳ್ಳ ಎಂದೂ ಸಿಕ್ಕುವುದಿಲ್ಲ.

ಅವರ ಚೀಲದಲ್ಲಿ ಒಂದು ಮೊಳ ಪಾರದರ್ಶಕ ಪೈಪು ಇತ್ತು. ಫಿಲ್ಟರಿಗೆ ಬರುವ ಪೈಪು ಕಳಚಿ, ನಡುವೆ ಅದನ್ನು ಸೇರಿಸಿ ಇಂಜಿನ್ ಓಡಿಸಿದರು. ಬಂಗಾರದ ಬಣ್ಣದ ಡೀಸೆಲ್ಲಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೆ ಒಂದು ಹರಿಯುತ್ತಿದ್ದವು. ಫಿಲ್ಟರಿನಿಂದ ಹಿಂದಕ್ಕೆ ಒಂದೊಂದೇ ಜೋಡಣೆಗೆ ಆ ಪೈಪನ್ನು ಸರಿಸುತ್ತಾ ಹೋದರು. ಡೀಸೆಲ್ ಟ್ಯಾಂಕಿನ ಮೇಲಿನ ಜೋಡಣೆ ದಾಟಿದ ಕೂಡಲೇ ಗುಳ್ಳೆ ಶುರು. ಅಲ್ಲಿನ ರಬ್ಬರ್ ತುಂಡು, ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸೀಳಿತ್ತು. ಅರ್ಧ ಅಡಿ ರಬ್ಬರ್ ಪೈಪು, ಎರಡು ಕ್ಲಿಪ್ಪು. ಹೀಟರ್ ಪ್ಲಗ್ಗಿಗೆ ನಾನು ಕೊಟ್ಟ ದುಡ್ಡಿನಲ್ಲಿ ಇಂಥ ಪೈಪನ್ನು ಸಕಲೇಶಪುರದವರೆಗೆ ಎಳೆಯಬಹುದಿತ್ತು.

ಆದರೂ ನನ್ನ ಪ್ರಶ್ನೆ ಉಳಿದಿತ್ತು. ತೂತು ವರ್ಷವಿಡೀ ಇತ್ತಲ್ಲ, ಕೊಯ್ಲಿನಲ್ಲಿ ಮಾತ್ರ ಯಾಕೆ?

ಭಾಯ್ ಉತ್ತರ ಹೇಳಲಿಲ್ಲ. ಗಾಡಿ ನಿಂತಿದ್ದ ಜಾಗವನ್ನು ತೋರಿಸಿ, ‘ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸ್ತೀರಾ?’ ಎಂದು ಕೇಳಿದರು.

ಮಳೆಗಾಲದಲ್ಲಿ, ಬೇಸಿಗೆಯಲ್ಲಿ, ಕಣದ ಅಂಚಿನಲ್ಲಿ. ಮುಖ ಗೇಟಿನ ಕಡೆ, ಅಂದರೆ ಇಳಿಜಾರಿಗೆ. ಕೊಯ್ಲು ಬಂದರೆ ಕಣದ ತುಂಬ ಕಾಫಿ ಹರಡಿರುತ್ತದೆ. ಒಂದು ಮೂಲೆಯಲ್ಲಿ ಪಾರ್ಚ್‌ಮೆಂಟ್, ಇನ್ನೊಂದರಲ್ಲಿ ಚೆರ್ರಿ, ಕೋಳಿ ಓಡಿಸಲು ಒಬ್ಬ. ಗಾಡಿಗೆ ಜಾಗ ಎಲ್ಲಿ? ಸಂಜೆ ಹಣ್ಣು ತುಂಬಿಕೊಂಡು ಪಲ್ಪರ್ ಮನೆಯ ಏರು ಹತ್ತಿದ ಪಿಕಪ್, ಚೀಲ ಇಳಿಸಿದ ಮೇಲೆ ಹಾಗೆಯೇ ಮೂತಿ ಮೇಲೆ ಮಾಡಿ ರಾತ್ರಿಯೆಲ್ಲ ಅಲ್ಲೇ ನಿಂತಿರುತ್ತಿತ್ತು. ಇಂಜಿನ್ ಮೇಲೆ, ಟ್ಯಾಂಕ್ ಕೆಳಗೆ. ಹತ್ತು ಡಿಗ್ರಿ ಏರಿನಲ್ಲಿ ಎರಡು ಮೀಟರ್ ಅಂತರಕ್ಕೆ ಒಂದಡಿಗೂ ಹೆಚ್ಚು ಎತ್ತರ ಸಿಕ್ಕಿತು. ಸೀಳಿನಿಂದ ಗಾಳಿ ಒಳಗೆ ಬಂದಷ್ಟೂ ಪೈಪಿನಲ್ಲಿದ್ದ ಡೀಸೆಲ್ ಹಿಂದಕ್ಕೆ ಜಾರಿ ಟ್ಯಾಂಕ್ ಸೇರುತ್ತಿತ್ತು. ಬೆಳಗ್ಗೆ ಪಂಪು ಖಾಲಿ ಪೈಪು ಹೀರುತ್ತಿತ್ತು. ಮೂತಿ ಕೆಳಗಿದ್ದಾಗ ಡೀಸೆಲ್ ತನ್ನ ಭಾರಕ್ಕೇ ಇಂಜಿನ್ ಕಡೆ ನಿಂತಿರುತ್ತಿತ್ತು. ತೂತಿದ್ದರೂ ಹತ್ತುತ್ತಿತ್ತು.

ಮೂರು ವರ್ಷ ನಾವು ದೂರಿದ್ದು ಡಿಸೆಂಬರನ್ನು. ತಪ್ಪು ಮಾಡಿದ್ದು ಕಣದಲ್ಲಿ ಒಣಗುತ್ತಿದ್ದ ಕಾಫಿ.

ಮಲೆನಾಡಿನಲ್ಲಿ ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು ಹಳೆಯ ರೂಢಿ. ಕಾರಣ ಬೇರೆ: ಸೆಲ್ಫ್ ಎಳೆಯದಿದ್ದರೆ ಉರುಳಲು ಬಿಟ್ಟು, ಎರಡನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟರೆ ಹತ್ತುತ್ತದೆ. ಇದರಲ್ಲಿ ಒಂದು ಅಪಾಯ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಡೀಸೆಲ್ ಪಿಕಪ್ಪಿನ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಇಂಜಿನ್ ಓಡಿದರೆ ಮಾತ್ರ ಕೆಲಸ ಮಾಡುತ್ತದೆ. ಪವರ್ ಸ್ಟೀರಿಂಗೂ ಹಾಗೆಯೇ. ಇಂಜಿನ್ ಹತ್ತದೆ ಗಾಡಿ ಮಾತ್ರ ಉರುಳಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಕೆಳಗೆ ಗದ್ದೆ ಇದ್ದರೆ ಅದೃಷ್ಟ. ನಮ್ಮಲ್ಲಿ ಬಹಳ ಕಡೆ ಕೆರೆ ಇದೆ. ಇನ್ನೊಂದು ಹಳೆಯ ವಿದ್ಯೆ, ಬಟ್ಟೆಗೆ ಬೆಂಕಿ ಹಚ್ಚಿ ಏರ್ ಫಿಲ್ಟರ್ ಬಾಯಿಗೆ ಹಿಡಿಯುವುದು. ನಮ್ಮಪ್ಪನ ಕಾಲದ ಜೀಪಿಗೆ ಅದನ್ನು ಮಾಡಿದ್ದನ್ನು ನಾನೇ ನೋಡಿದ್ದೇನೆ. ಈಗಿನ ಗಾಡಿಯ ಪ್ಲಾಸ್ಟಿಕ್ ಡಬ್ಬಿಗಳ ನಡುವೆ ಮಾಡಿದರೆ ಗಾಡಿ ಹತ್ತುವುದಿಲ್ಲ, ಹತ್ತಿಕೊಳ್ಳುತ್ತದೆ. ಈಥರ್ ಸ್ಪ್ರೇ ಹೊಡೆಯುವುದೂ, ಹೀಟರ್ ಪ್ಲಗ್ ಕಾದಿರುವ ಇಂಜಿನ್ನಿಗೆ, ಅದೇ ಜಾತಿಯ ಹುಚ್ಚಾಟ.

ಎಲ್ಲರದೂ ನನ್ನಂಥದೇ ಕಾಯಿಲೆ ಎಂದು ಹೇಳುತ್ತಿಲ್ಲ. ಹೆತ್ತೂರು ಕಡೆಯ ಸ್ನೇಹಿತರೊಬ್ಬರ ಗಾಡಿ ಹತ್ತಿದ ಎರಡು ನಿಮಿಷಕ್ಕೆ ಕೆಮ್ಮಿ ನಿಲ್ಲುತ್ತಿತ್ತು. ಅದು ನೀರಿನ ಕೇಸು. ಬಂಕ್ ದೂರವೆಂದು ತೋಟದಲ್ಲಿ ಬ್ಯಾರಲ್ಲಿನಲ್ಲಿ ಡೀಸೆಲ್ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಬ್ಯಾರಲ್ ಅರ್ಧ ಖಾಲಿಯಾದಂತೆ ಒಳಗೆ ಗಾಳಿ ತುಂಬುತ್ತದೆ. ನಮ್ಮ ಗಾಳಿ ಎಂದರೆ ಅರ್ಧ ನೀರೇ. ರಾತ್ರಿ ತಂಪಿಗೆ ಅದು ತಗಡಿನ ಒಳಮೈಗೆ ಬೆವರಿ ಕೆಳಗಿಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಎರಡೂ ಸೇರುವ ಗೆರೆಯಲ್ಲಿ ಕಪ್ಪು ಲೋಳೆಯಂಥ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಅವರ ಫಿಲ್ಟರಿನ ಬುಡದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದಾಗ ಮೊದಲು ಬಂದ ಅರ್ಧ ಲೋಟ ಬರೀ ನೀರು. ಆ ಸ್ಕ್ರೂ ಇರುವುದೇ ಅದಕ್ಕೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಗಾಡಿ ಟ್ಯಾಂಕಿಗೂ ಇದೇ ಮಾತು, ಬೆಳಗ್ಗೆ ತುಂಬಿಸುವುದಕ್ಕಿಂತ ಸಂಜೆ ತುಂಬಿಸಿ ನಿಲ್ಲಿಸಿದರೆ ರಾತ್ರಿ ಬೆವರಲು ಒಳಗೆ ಜಾಗ ಇರುವುದಿಲ್ಲ.

ಹಳೆಯ ಗಾಡಿಗಳ ಪಂಪಿಗೆ ನಮ್ಮ ಮೇಸ್ತ್ರಿಗಳು ಈಗಲೂ ‘ಮೈಕೋ ಪಂಪ್’ ಎನ್ನುತ್ತಾರೆ, ಯಾರೇ ಮಾಡಿದ್ದಿರಲಿ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬೆಂಗಳೂರು ಆಡುಗೋಡಿಯ ಮೈಕೋ, ದೇಶದ ಲಾರಿ ಟ್ರ್ಯಾಕ್ಟರುಗಳಿಗೆಲ್ಲ ಇಂಜೆಕ್ಷನ್ ಪಂಪು, ನಾಜಲ್ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆ ಪಂಪುಗಳಿಗೆ ಕರೆಂಟಿನ ಹಂಗು ಕಡಿಮೆ. ಏರ್ ತಗೊಂಡರೆ ನಾಜಲ್ ಪೈಪಿನ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆದು, ಗಾಳಿ ತೆಗೆದು, ಬಿಗಿ ಮಾಡಿ ಹೊರಡುತ್ತಿದ್ದರು. ಈಗಿನ ಕಾಮನ್ ರೈಲ್ ಇಂಜಿನ್ನಿಗೆ ಆ ಕೈ ಹಾಕಬಾರದು. ಅದರ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಓಡುವಾಗ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಬೆರಳೇ ಕೊಳೆಯಬಹುದು. ಅಂಥದ್ದಾದರೆ ತೊಳೆದುಕೊಂಡು ಸುಮ್ಮನಾಗದೆ ಆಗಲೇ ಆಸ್ಪತ್ರೆಗೆ ಓಡಬೇಕು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಂತೂ ಸೆನ್ಸಾರುಗಳದೇ ರಾಜ್ಯ. ಅದರ ಕಂಪ್ಯೂಟರಿಗೆ ರೈಲಿನಲ್ಲಿ ಇಂತಿಷ್ಟು ಒತ್ತಡ ಬಂದಿದೆ ಎಂದು ಖಾತ್ರಿಯಾಗುವವರೆಗೆ ನಾಜಲ್ ಬಾಯಿಯನ್ನೇ ಬಿಡಿಸುವುದಿಲ್ಲ. ಬೆಳಗ್ಗೆ ಚೆನ್ನಾಗಿ ಹತ್ತಿ, ಶಿರಾಡಿ ಘಾಟಿ ಏರಿ ಬಿಸಿಯಾದ ಮೇಲೆ ಮಾರನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಮತ್ತೆ ಹತ್ತದ ಗಾಡಿಗಳು ಈ ಪೈಕಿಯವು. ಸವೆದ ನಾಜಲ್ ಬಿಸಿಯಲ್ಲಿ ಇನ್ನಷ್ಟು ಸೋರಿ ಒತ್ತಡ ಏಳುವುದೇ ಇಲ್ಲ, ಇಲ್ಲವೇ ಕ್ರ್ಯಾಂಕ್ ಸೆನ್ಸಾರ್ ಬಿಸಿಗೆ ಮೂರ್ಛೆ ಹೋಗಿರುತ್ತದೆ. ಇದಕ್ಕೆ ಸ್ಕ್ಯಾನರ್ ಬೇಕೇ ಬೇಕು. ಭಾಯ್ ಮಗ ಈಗ ಒಂದು ಟ್ಯಾಬ್ ಇಟ್ಟುಕೊಂಡಿದ್ದಾನೆ. ಆದರೆ ಸ್ಕ್ಯಾನರ್ ತೂತು ಪೈಪನ್ನು ತೋರಿಸುವುದಿಲ್ಲ, ‘ಒತ್ತಡ ಕಡಿಮೆ’ ಎಂದಷ್ಟೇ ಹೇಳುತ್ತದೆ. ಆ ಒಂದು ಸಾಲು ಓದಿ ದುಬಾರಿ ಪಂಪನ್ನೇ ಬದಲಾಯಿಸಿಕೊಂಡವರ ಪಟ್ಟಿ ನನ್ನ ಪಟ್ಟಿಗಿಂತ ಉದ್ದ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದರೆ, ಗಾಡಿ ಹತ್ತದಿದ್ದರೆ ನಮ್ಮಲ್ಲಿ ಹಾಳಾಗುವುದು ಒಂದು ಬೆಳಗ್ಗೆ ಮಾತ್ರವಲ್ಲ. ಏಳೂವರೆಗೆ ಲೈನ್ ಮನೆಯ ಹತ್ತಿರ ಕಾಯುವ ಆಳುಗಳು ಎಂಟಾದರೆ ಇನ್ನೊಬ್ಬರ ತೋಟದ ಗಾಡಿ ಹತ್ತುತ್ತಾರೆ. ಗೂಡ್ಸ್ ಗಾಡಿಯಲ್ಲಿ ಜನ ತುಂಬುವುದು ಕಾನೂನಿಗೆ ವಿರುದ್ಧ, ನನಗೂ ಗೊತ್ತು, ಪೊಲೀಸರಿಗೂ ಗೊತ್ತು. ಬಸ್ಸು ಬಾರದ ಒಳದಾರಿಗಳಿಗೆ ಅದು ಗೊತ್ತಿಲ್ಲ. ಕೊಯ್ದ ಹಣ್ಣು ಅದೇ ದಿನ ಪಲ್ಪರ್ ಸೇರದೆ ಚೀಲದಲ್ಲೇ ಉಳಿದರೆ ಹುಳಿ ಬರುತ್ತದೆ, ರೇಟು ಬೀಳುತ್ತದೆ.

ಮತ್ತೆ ಆನೆ. ಆಲೂರು ಸಕಲೇಶಪುರದ ಆನೆಗಳು ಕಾಡಿನಿಂದ ಬಂದು ಹೋಗುವ ಕಾಲ ಮುಗಿದಿದೆ, ಹಗಲೆಲ್ಲ ಕಾಫಿ ತೋಟದಲ್ಲೇ ಇರುತ್ತವೆ. ಹಿಂಡು ಎಲ್ಲಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬರುತ್ತದೆ. ಮೈಸೂರು ದಸರಾದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯ ಜೊತೆ ಕಾದಾಡಿ ಸತ್ತದ್ದು ಇಲ್ಲೇ, ಯಸಳೂರು ವಲಯದಲ್ಲಿ. ಅಂಥ ಜಾಗದಲ್ಲಿ ಬೆಳಗಿನ ಮಬ್ಬಿನಲ್ಲಿ ಬಾನೆಟ್ ಎತ್ತಿ, ಬಗ್ಗಿ, ಪ್ರೈಮರ್ ಒತ್ತುತ್ತಿರುವಾಗ ಬೆನ್ನ ಹಿಂದೆ ರೋಬಸ್ಟಾ ಗಿಡ ಅಲುಗಿದರೆ ಚಳಿಯಲ್ಲೂ ಬೆವರು ಬರುತ್ತದೆ. ನನಗೆ ಬಂದಿದೆ. ಆ ದಿನ ಹಂದಿ ಓಡಿಹೋಯಿತು.

ಹೊಸ ಪೈಪು ಹಾಕಿ ಎರಡು ಕೊಯ್ಲು ಕಳೆದವು. ಪಿಕಪ್ಪಿನ ಮೂತಿ ಆಕಾಶ ನೋಡುತ್ತಿದ್ದರೂ ಒಂದೇ ಏಟಿಗೆ ಹತ್ತುತ್ತದೆ. ಆದರೂ ನಮ್ಮ ಡ್ರೈವರ್ ಹುಡುಗ ಸಂಜೆ ಚೀಲ ಇಳಿಸಿದ ಮೇಲೆ ಆ ಇಕ್ಕಟ್ಟಿನಲ್ಲಿ ನಾಲ್ಕು ಸಲ ಹಿಂದೆ ಮುಂದೆ ಮಾಡಿ, ಪಲ್ಪರ್ ಗೋಡೆಗೆ ಒಂದೆರಡು ಸಲ ತಾಗಿಸಿ, ಗಾಡಿಯನ್ನು ಇಳಿಜಾರಿಗೆ ತಿರುಗಿಸಿಯೇ ನಿಲ್ಲಿಸುತ್ತಾನೆ. ಬೇಡ ಕಣೋ, ಪೈಪು ಸರಿ ಮಾಡಿಸಿದ್ದೀವಲ್ಲ ಎಂದರೆ, ‘ಇರ್ಲಿ ಬಿಡಣ್ಣ, ಚಳಿ ಜಾಸ್ತಿ ಐತೆ’ ಎನ್ನುತ್ತಾನೆ.